ತಪ್ಪೊಪ್ಪಿಕೊಳ್ಳದ ರಾಜಿ

"ಹೇಳಿದ್ದು ನಾನು" ಎನ್ನಬೇಕಾದ ಹೊತ್ತಿನಲ್ಲಿ ನಾನು ಹಾಗೆನ್ನಲಿಲ್ಲ. ಅಕ್ಕ ನೇರವಾಗಿಯೇ ಕೇಳಿದ್ದಳು. ನಾನು ಒಲೆಯ ಕಡೆ ಮುಖ ಮಾಡಿಕೊಂಡು, ಇಲ್ಲವೆಂದು ತಲೆಯಾಡಿಸಿದೆ. ಅಷ್ಟರಿಂದ ಅಕ್ಕ ತನಗಿದ್ದ ಒಬ್ಬಳೇ ಗೆಳತಿಯನ್ನು ಕಳೆದುಕೊಂಡಳು. ಆ ಗೆಳತಿ ತಾನು ಮಾಡದ ತಪ್ಪನ್ನು ವರ್ಷಗಟ್ಟಲೆ ಹೊತ್ತಳು. ನನಗೆ ಅಂದಿನಿಂದ ಕೂತಲ್ಲಿ ಕೂರಲಾಗುವುದಿಲ್ಲ. ನಾನು ಕೆಲಸ ಮಾಡುವ ದಿನಸಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಬೇಳೆಯ ಪೊಟ್ಟಣಗಳನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿಸುತ್ತಿರುತ್ತೇನೆ. ನಮ್ಮ ಗುಜರಾತಿ ಯಜಮಾನರು ತಮ್ಮದೇ ಅಂಗಡಿಯಲ್ಲಿ ತೊಗರಿಬೇಳೆ ಎಲ್ಲಿದೆಯೆಂದು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಈ ಬರಹದಲ್ಲಿ ಅಕ್ಕನ ಹೆಸರು ಇಲ್ಲ. ಬರೆಯಲೇ ಎಂದು ಕೇಳಿದಾಗ ಅವಳು ಕನ್ನಡಕ ತೆಗೆದು ಅದರ ಕಡ್ಡಿಯಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿದಳು. ಯೋಚಿಸುವಾಗ ಅವಳು ಹಾಗೆ ಮಾಡುತ್ತಾಳೆ. "ನನ್ನ ಹೆಸರು ಬೇಡ, ಆಫೀಸಿಂದು ಬೇಡ, ಕ್ಲೈಂಟ್‌ಗಳದ್ದಂತೂ ಬೇಡವೇ ಬೇಡ. ಶಾಂತಾಳ ಹೆಸರೂ ಬದಲಾಯಿಸು. ಉಳಿದದ್ದು ಬರಿ. ಈ ಸಲ ಕೇಳಿದೆಯಲ್ಲ, ಅಷ್ಟು ಸಾಕು" ಎಂದಳು. ಕೊನೆಯ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಶಾಂತಾ ಎಂಬುದು ಆ ಗೆಳತಿಗೆ ನಾನಿಟ್ಟ ಹೆಸರು.

ನಮ್ಮದು ಚಿತ್ರದುರ್ಗ. ಅಕ್ಕ ಓದಿದಳು, ನಾನು ಓದಲಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಲೆಕ್ಕ ನನಗೆ ಹತ್ತಲಿಲ್ಲ, ಇಂಗ್ಲಿಷ್ ನಾಲಿಗೆಗೆ ಬರಲಿಲ್ಲ, ಏಳನೇ ತರಗತಿಗೆ ಶಾಲೆ ಸಾಕೆನಿಸಿತು. ಅಕ್ಕ ಎಂ.ಎ. ಮಾಡಲು ಈ ದೇಶಕ್ಕೆ ಬಂದವಳು ಇಲ್ಲೇ ನಿಂತು, ಹಗಲು ಗುಮಾಸ್ತೆಯ ಕೆಲಸ ಮಾಡಿ, ಸಂಜೆ ನೂವರ್ಕ್ ಎಂಬ ಊರಿನ ಕಾಲೇಜಿನಲ್ಲಿ ಕಾನೂನು ಓದಿ ವಕೀಲೆಯಾದಳು. ಮದುವೆಯಾಗಲಿಲ್ಲ. ಯಾರಾದರೂ ಯಾಕೆಂದು ಕೇಳಿದರೆ "ಎದುರು ಪಾರ್ಟಿ ಹಾಜರಾಗಲಿಲ್ಲ" ಎನ್ನುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಅದು ವರ್ಷಗಟ್ಟಲೆ ನಡೆದು, ನಾನು ಬಂದಿಳಿಯುವ ಹೊತ್ತಿಗೆ ಡಾಟ್‌ಕಾಮ್ ಕಾಲ ಶುರುವಾಗಿತ್ತು.

ನಮ್ಮ ದೇಶದವರ ಅಂಗಡಿಗಳೇ ತುಂಬಿದ ಓಕ್ ಟ್ರೀ ರೋಡಿನಲ್ಲಿ ಶನಿವಾರ ಕಾರು ನಿಲ್ಲಿಸಲು ಜಾಗವೇ ಸಿಗುತ್ತಿರಲಿಲ್ಲ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸರಿಪಡಿಸುವ ವೈಟೂಕೆ ಕೆಲಸಕ್ಕೆಂದು ಬಂದ ಹುಡುಗರು ಒಂದೇ ಕಾರಿನಲ್ಲಿ ತುಂಬಿಕೊಂಡು ಬಂದು ಪುಳಿಯೋಗರೆ ಪುಡಿ, ಫೋನ್ ಕಾರ್ಡು ಕೊಳ್ಳುತ್ತಿದ್ದರು. ಇಂಗ್ಲಿಷ್ ಹೆಚ್ಚು ಬೇಡದ ಕೆಲಸವೆಂದು ಅಕ್ಕ ನನ್ನನ್ನು ಅಲ್ಲಿನ ದಿನಸಿ ಅಂಗಡಿಯೊಂದಕ್ಕೆ ಸೇರಿಸಿದಳು. ತಾನು ಬೆಳಿಗ್ಗೆ ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗುತ್ತಿದ್ದಳು. ಸೂಟಿನ ಕೆಳಗೆ ಕ್ಯಾನ್ವಾಸ್ ಷೂ, ಎತ್ತರದ ಚಪ್ಪಲಿ ಚೀಲದೊಳಗೆ. ಮಧ್ಯಾಹ್ನ ಆಫೀಸಿನ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಮೊಸರನ್ನ, ನಿಂಬೆ ಉಪ್ಪಿನಕಾಯಿ ತಿನ್ನುತ್ತಿದ್ದಳು. "ಬಾಗಿಲು ಯಾಕಕ್ಕ ಹಾಕ್ಕೋಬೇಕು?" ಎಂದರೆ, "ಉಪ್ಪಿನಕಾಯಿ ವಾಸನೆ ನನ್ನ ಸ್ವಂತ ವಿಷಯ" ಎನ್ನುವಳು.

ಅವಳ ಕೆಲಸವೇನೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಒಂದು ಭಾನುವಾರ ಪಾಯಸ ಮಾಡಿದ್ದೆ, ಅದನ್ನೇ ಹಿಡಿದುಕೊಂಡು ವಿವರಿಸಿದಳು.

"ಒಂದು ಮದುವೆ ಊಟ ಅಂದುಕೋ. ಪಾಯಸಕ್ಕೆ ಸಕ್ಕರೆ ಬದಲು ಉಪ್ಪು ಬಿದ್ದಿದೆ. ಒಂದು ಲೋಟ ಪಾಯಸ ಕೆಟ್ಟಿತು ಅಂತ ಯಾರಾದರೂ ಕೋರ್ಟಿಗೆ ಹೋಗ್ತಾರಾ?"

"ಯಾಕೆ ಹೋಗ್ತಾರೆ? ಬೈಕೊಂಡು ಮಜ್ಜಿಗೆ ಕುಡೀತಾರೆ."

"ಆದರೆ ಒಬ್ಬ ಎದ್ದು ನಿಂತು, ಪಂಕ್ತೀಲಿ ಕೂತ ಎಲ್ಲರ ಪರವಾಗಿ ನಾನು ಕೇಸು ಹಾಕ್ತೀನಿ ಅಂದ. ಅದೇ ಕ್ಲಾಸ್ ಆಕ್ಷನ್. ಈಗ ಅಡುಗೆ ಭಟ್ಟರ ಪರ ನಾನು ನಿಂತಿದೀನಿ. ಏನು ಹೇಳಬೇಕು?"

"ಉಪ್ಪು ಬಿದ್ದೇ ಇಲ್ಲ ಅಂತ."

"ಥೂ, ಸುಳ್ಳು ಹೇಳಬಾರದು. ಒಬ್ಬ ಪಾಯಸ ಮುಟ್ಟಲೇ ಇಲ್ಲ, ಅವನಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬ ಎರಡು ಸಲ ಹಾಕಿಸಿಕೊಂಡ. ಮತ್ತೊಬ್ಬಳು ಪಾಯಸ ಬರೋಕೆ ಮುಂಚೆ ಎದ್ದು ಹೋದಳು. ಸ್ವಾಮಿ, ಇವರೆಲ್ಲರ ನಾಲಿಗೆ ಬೇರೆ ಬೇರೆ, ಒಂದೇ ಕೇಸಿನಲ್ಲಿ ಕೂರಿಸಬೇಡಿ ಅಂತ ಹೇಳಬೇಕು. ಅದೇ ನನ್ನ ಹೊಟ್ಟೆಪಾಡು."

ಆಗ ಕಂಪ್ಯೂಟರಿನಲ್ಲಿ ಅಂಗಡಿ ತೆರೆದ ಕಂಪನಿಗಳು ಜನರ ಹೆಸರು, ವಿಳಾಸ, ಅವರು ಕೊಂಡದ್ದು, ನೋಡಿ ಬಿಟ್ಟದ್ದು ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತಿದ್ದವಂತೆ. ಒಂದು ಕೆಲಸಕ್ಕೆಂದು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆಂದು ಗಿರಾಕಿಗಳು ಒಟ್ಟಾಗಿ ಕೇಸು ಹಾಕುತ್ತಿದ್ದರು. ಅಕ್ಕ ಕಂಪನಿಗಳ ಪರ. ಆದರೆ ತನ್ನ ವಿಷಯವನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಒಮ್ಮೆ ಟಾರ್ಚಿನ ಬ್ಯಾಟರಿ ಕೊಳ್ಳಲು ಹೋದಾಗ ಗಲ್ಲಾದ ಹುಡುಗ ಫೋನ್ ನಂಬರ್ ಕೇಳಿದ. "ಯಾಕೆ, ಬ್ಯಾಟರಿ ನನಗೆ ಫೋನ್ ಮಾಡುತ್ತಾ?" ಎಂದು ಅವನನ್ನು ಇಂಗ್ಲಿಷಿನಲ್ಲಿ ಕೇಳಿ, ನನಗೆ ಕನ್ನಡದಲ್ಲಿ ಹೇಳಿ ನಕ್ಕಳು. ಹಿಂದೆ ನಿಂತಿದ್ದವರೆಲ್ಲ ಗೊಣಗಿದರು. ಅವಳು ಕದಲಲಿಲ್ಲ.

ನನಗೂ ಅದೇ ಮರ್ಯಾದೆ. ಊರಿಂದ ನನಗೆ ಬಂದ ಪೋಸ್ಟ್‌ಕಾರ್ಡನ್ನು ಕೂಡ ಮಗುಚಿ ಹಿಡಿದುಕೊಂಡು ತಂದು ಕೊಡುತ್ತಿದ್ದಳು. "ಕಾರ್ಡಲ್ವಾ ಅಕ್ಕ, ಯಾರು ಬೇಕಾದರೂ ಓದಬಹುದು" ಎಂದರೆ, "ಓದಬಹುದು ಅಂತ ಓದಿಬಿಡಬೇಕಾ?" ಎಂದಳು.

ಇಂಥವಳ ಮನೆಯಲ್ಲಿ ಕೇಳದೆ ಬಾಗಿಲು ತೆಗೆದು ಒಳಗೆ ಬರುತ್ತಿದ್ದವರು ಶಾಂತಕ್ಕ ಒಬ್ಬರೇ. ಧಾರವಾಡದವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಎಡಿಸನ್‌ನಲ್ಲಿ ಮನೆ. ಶನಿವಾರ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದರೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ತಿನ್ನುತ್ತಿದ್ದರು. ಅಕ್ಕನ ಗಾಂಭೀರ್ಯವೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ. "ನೋಡ ತಂಗಿ, ನಿಮ್ಮಕ್ಕ ಕೋರ್ಟಿನ್ಯಾಗ ಹುಲಿ. ಬದನೀಕಾಯಿ ಮುಂದ ಬೆಕ್ಕು" ಎಂದು ಶಾಂತಕ್ಕ ಕಾಡಿಸುವರು. ಅಕ್ಕ ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ "ಅಬ್ಜೆಕ್ಷನ್" ಎನ್ನುವಳು.

ಒಂದು ಬೇಸಿಗೆಯಲ್ಲಿ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಗೆ ಕರೆದುಕೊಂಡು ಹೋದವರು ಶಾಂತಕ್ಕ. ಆಪರೇಷನ್ ಆಗಬೇಕು ಎಂದರು. ಅಕ್ಕ ನಮ್ಮಿಬ್ಬರನ್ನು ಕೂರಿಸಿಕೊಂಡು, "ನೀವಿಬ್ಬರು, ಡಾಕ್ಟರು, ನಾನು. ಇಷ್ಟೇ ಜನ. ಹಿಯರಿಂಗ್ ಮುಗಿಯೋವರೆಗೂ ಇನ್ನೊಬ್ಬರಿಗೆ ಗೊತ್ತಾಗಕೂಡದು" ಎಂದಳು. ಗಿರಾಕಿಗಳನ್ನೆಲ್ಲ ಒಂದೇ ಕೇಸಿನಲ್ಲಿ ಕೂರಿಸಬೇಕೋ ಬೇಡವೋ ಎಂಬ ದೊಡ್ಡ ವಾದವೊಂದು ಹತ್ತಿರ ಬಂದಿತ್ತು. ಆವರೆಗೆ ಅವಳು ಗಂಡಸರ ಹಿಂದೆ ಕಾಗದ ಹಿಡಿದು ಕೂರುತ್ತಿದ್ದವಳು. ಎದ್ದು ನಿಂತು ಮಾತಾಡುವ ಸರದಿ ಮೊದಲ ಸಲ ಅವಳದಾಗಿತ್ತು. ಅದು ಮುಗಿದ ವಾರವೇ ಆಪರೇಷನ್ ಎಂದು ಡಾಕ್ಟರನ್ನು ಒಪ್ಪಿಸಿದ್ದಳು. ಫೋನಿನ ಉದ್ದನೆಯ ವೈರು ಎಳೆದುಕೊಂಡು ಮಾತಾಡುತ್ತ ಅಡುಗೆಮನೆ, ನಡುಮನೆ, ಮತ್ತೆ ಅಡುಗೆಮನೆ ಸುತ್ತುತ್ತಿದ್ದಳು. ಅವಳ ಹಿಂದೆ ಅದೇ ದಾರಿಯಲ್ಲಿ ನಾನೂ ಸುತ್ತುತ್ತಿದ್ದೆ, ಕಾಫಿ ಲೋಟ ಹಿಡಿದು.

ಹೆದರಿಕೆಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ನಮ್ಮ ಕಡೆಯ ಪೂಜೆಗಳಿಗೆಲ್ಲ ಬರುತ್ತಿದ್ದ ಭಟ್ಟರು ವಾರದ ದಿನಗಳಲ್ಲಿ ಜರ್ಸಿ ಸಿಟಿಯಲ್ಲಿ ಪ್ರೋಗ್ರಾಮರ್, ಶನಿವಾರ ಭಾನುವಾರ ಪಂಚೆ. ಅವರು ಅಂಗಡಿಗೆ ವೀಳ್ಯದೆಲೆ ಕೊಳ್ಳಲು ಬಂದಾಗ ಹೇಳಿದೆ: ಅಕ್ಕನಿಗೆ ಹೀಗಾಗಿದೆ, ಎದೆಯ ಆಪರೇಷನ್ ಇದೆ, ನೀವು ದೇವರ ಮುಂದೆ ಕೂತಾಗ ಅವಳ ಹೆಸರು ಸೇರಿಸಿಕೊಳ್ಳಿ. ಗೋತ್ರ, ನಕ್ಷತ್ರ ಕೇಳಿದರು, ಕೊಟ್ಟೆ. ಗುಟ್ಟು ಎಂದು ಹೇಳಲು ಹೊಳೆಯಲಿಲ್ಲ. ಹೇಳಿದ್ದು ದೇವರಿಗೆ ಎಂದುಕೊಂಡಿದ್ದೆ. ಅವತ್ತು ಮನೆಗೆ ಹೋಗುವಾಗ ಮೈ ಹಗುರವಾಗಿತ್ತು.

ಅವರು ನಿಷ್ಠೆಯಿಂದ ಸೇರಿಸಿಕೊಂಡರು. ಆ ಶನಿವಾರ ಪ್ಲೇನ್ಸ್‌ಬರೋದ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮನೆತುಂಬ ಜನ. ಸಂಕಲ್ಪದಲ್ಲಿ ಅಕ್ಕನ ಹೆಸರು ಹೇಳಿ, ಮಂತ್ರ ಬಾರದವರಿಗೂ ತಿಳಿಯಲೆಂದು ಕನ್ನಡದಲ್ಲಿ, "ಇವರಿಗೆ ಎದೆಯ ಶಸ್ತ್ರಚಿಕಿತ್ಸೆ ಇದೆ, ಎಲ್ಲರೂ ಪ್ರಾರ್ಥನೆ ಮಾಡಿ" ಎಂದರು. ಶಾಂತಕ್ಕ ಅದೇ ಮನೆಯಲ್ಲಿದ್ದರು. ಆದರೆ ಆ ಹೊತ್ತಿನಲ್ಲಿ ಅವರು ಒಳಗೆ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಪ್ರಸಾದದ ಸಜ್ಜಿಗೆ ತಿರುವುತ್ತಿದ್ದರು. ಹೊರಗೆ ಬಂದಾಗ ಹೆಂಗಸರು ಮುತ್ತಿಕೊಂಡು, ನಿಮ್ಮ ಫ್ರೆಂಡಿಗೆ ಹೀಗಂತೆ, ನಿಜವಾ ಎಂದು ಕೇಳಿದರು. ಅವರು "ಆಕೀನ್ನ ಕೇಳ್ರಿ" ಎಂದಷ್ಟೇ ಹೇಳಿದರಂತೆ.

ಸೋಮವಾರದಿಂದ ನಮ್ಮ ಮನೆಯ ಫೋನು ನಿಲ್ಲಲಿಲ್ಲ. ಪೂಜೆಯಲ್ಲಿ ಗೊತ್ತಾಯ್ತು ಎಂದವರನ್ನು ಅಕ್ಕ ಮುಂದೆ ಮಾತಾಡಲು ಬಿಡದೆ ಫೋನಿಡುತ್ತಿದ್ದಳು. ಬಾಗಿಲ ಬಳಿ ಸಾರಿನ ಪಾತ್ರೆಗಳು ಬಂದು ಕೂತವು. ಗೋಮೂತ್ರ ಕುಡಿಯಿರಿ ಎಂದು ಒಬ್ಬರು, ಕುಡಿಯಲೇಬೇಡಿ ಎಂದು ಇನ್ನೊಬ್ಬರು. ಪೂಜೆಗೆ ಬಂದಿದ್ದ ಒಬ್ಬ ಹುಡುಗ ಅಕ್ಕನ ಕ್ಲೈಂಟ್ ಕಂಪನಿಯಲ್ಲೇ ಇಂಜಿನಿಯರ್. ಅವನು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಯಾರಿಗೋ ಹೇಳಿದ. ಅವರು ಅಕ್ಕನ ಆಫೀಸಿಗೆ ಫೋನ್ ಮಾಡಿ, ಪಾಪ, ಆಕೆಗೆ ಇಷ್ಟು ಭಾರ ಬೇಡ ಎಂದರು. ಆಫೀಸಿನವರು ವಾದವನ್ನು ಇನ್ನೊಬ್ಬರಿಗೆ ಕೊಟ್ಟು ಅಕ್ಕನಿಗೆ ಹೂವಿನ ಗುಚ್ಛ ಕಳಿಸಿದರು.

ಆ ಹೂವನ್ನು ಅವಳು ಗರಾಜಿನಲ್ಲಿಟ್ಟಳು. ಅಲ್ಲೇ ಒಣಗಿತು. ಆ ಇನ್ನೊಬ್ಬ ವಕೀಲ ವಾದ ಗೆದ್ದ. ಅಕ್ಕ ಬರೆದುಕೊಟ್ಟದ್ದನ್ನೇ ಓದಿ ಗೆದ್ದ. "ಪಾಯಸ ನಂದು, ಬಡಿಸಿದ್ದು ಅವನು" ಎಂದಳು. ಎದ್ದು ನಿಂತು ಮಾತಾಡುವ ಸರದಿ ಮತ್ತೆ ಅವಳಿಗೆ ಬರಲು ಬಹಳ ಕಾಲ ಹಿಡಿಯಿತು.

ಫೋನುಗಳು ಶುರುವಾದ ಆ ವಾರವೇ ಭಟ್ಟರು ಅಂಗಡಿಗೆ ಬಂದು, "ನಿಮ್ಮಕ್ಕನ ಹೆಸರು ಶನಿವಾರದ ಪೂಜೇಲೂ ಹೇಳಿದೆ ತಂಗಿ, ಮನೆತುಂಬ ಜನ ಕೈಮುಗಿದರು" ಎಂದು ಸಂತೋಷದಿಂದ ಹೇಳಿದರು. ವಿಷಯ ಹೊರಟದ್ದು ಎಲ್ಲಿಂದ ಎಂದು ನನಗೆ ಆಗ ತಿಳಿಯಿತು. ಆ ಸಂಜೆಯೇ ಅಕ್ಕ ನನ್ನನ್ನು ಕೇಳಿದ್ದು.

"ನೀನು ಯಾರಿಗಾದರೂ ಹೇಳಿದ್ಯಾ?"

ನಾನು ತಲೆಯಾಡಿಸಿದೆ. ಅವಳು ಎರಡನೇ ಸಲ ಕೇಳಲಿಲ್ಲ. ಎದುರಿನವರಿಂದ ಒಂದೇ ಉತ್ತರವನ್ನು ಹತ್ತು ದಿಕ್ಕಿನಿಂದ ಹೊರಡಿಸುವವಳು ನನ್ನನ್ನು ಒಂದೇ ಮಾತಿಗೆ ನಂಬಿದಳು. ಉಳಿದವರು ಶಾಂತಕ್ಕ. ಅವರು ಆ ಪೂಜೆಗೆ ಹೋಗಿದ್ದು ಅಕ್ಕನಿಗೆ ಗೊತ್ತಿತ್ತು.

ಆಪರೇಷನ್ ಆಗಿ ಅಕ್ಕ ಮನೆಗೆ ಬಂದ ಮೇಲೆ ಶಾಂತಕ್ಕ ಎಂದಿನಂತೆ ರೊಟ್ಟಿ ಕಟ್ಟಿಕೊಂಡು ಬಂದರು. ಅಕ್ಕ ಕುರ್ಚಿಯಿಂದ ಏಳದೆ, "ವಿಷಯ ಗೊತ್ತಿದ್ದವರಲ್ಲಿ ಅವತ್ತು ಪೂಜೇಲಿ ಇದ್ದದ್ದು ನೀನೊಬ್ಬಳೇ" ಎಂದಳು.

"ನೀ ನನ್ನ ಏನ್ ಕೇಳ್ಲಿಕತ್ತೀ ಅಂತ ನಿನಗ ಗೊತ್ತದ ಏನು?" ಎಂದರು ಶಾಂತಕ್ಕ. "ನಾ ಲ್ಯಾಬಿನಾಕಿ. ದಿನಾ ಎಷ್ಟು ಮಂದಿ ರಿಪೋರ್ಟ್ ನೋಡ್ತೀನಿ. ಒಬ್ಬರದರ ನನ್ನ ಬಾಯಿಂದ ಹೊರಗ ಬಂದದ?"

"ಮತ್ತೆ ಅವರಿಗೆಲ್ಲ ಹೇಗೆ ಗೊತ್ತಾಯ್ತು?"

"ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋ ಸಾಕ್ಷಿಗಳನ್ನ ನಾನು ಬಹಳ ನೋಡಿದೀನಿ, ಶಾಂತಾ."

ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದೆ. ಸಾಸಿವೆ ಸಿಡಿದು, ಮೆಣಸಿನಕಾಯಿ ಕರಕಲಾಗಿ, ಮನೆಯೆಲ್ಲ ಘಾಟು ತುಂಬಿ ಹೊಗೆಯ ಅಲಾರಂ ಕೂಗತೊಡಗಿತು. ಮೂವರೂ ಕೆಮ್ಮಿದೆವು. ಆ ಗದ್ದಲದಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಟವೆಲ್ ಬೀಸಿ ಹೊಗೆ ಓಡಿಸುತ್ತ ನಿಂತೆ. ಅಲಾರಂ ನಿಂತಾಗ ಶಾಂತಕ್ಕ ಹೋಗಿಯಾಗಿತ್ತು. ರೊಟ್ಟಿಯ ಗಂಟು ಮೇಜಿನ ಮೇಲೆ ಹಾಗೇ ಇತ್ತು.

ಅಕ್ಕ ಗುಣವಾದಳು, ದೇವರು ದೊಡ್ಡವನು. ಔಷಧಿಗೆ ಉದುರಿದ ಕೂದಲು ಮತ್ತೆ ಬಂತು, ಈ ಸಲ ಗುಂಗುರಾಗಿ. ರೈಲು, ಕ್ಯಾನ್ವಾಸ್ ಷೂ ಮತ್ತೆ ಶುರುವಾದವು. ಡಾಟ್‌ಕಾಮ್ ಕಂಪನಿಗಳು ಮುಳುಗಿದವು. ಒಂದೇ ಕಾರಿನಲ್ಲಿ ಬರುತ್ತಿದ್ದ ಹುಡುಗರಲ್ಲಿ ಕೆಲವರು ಊರಿಗೆ ಹೋದರು, ಕೆಲವರು ಮನೆ ಕೊಂಡರು. ಕೇಸುಗಳು ಮಾತ್ರ ಹೆಚ್ಚಿದವು. ಬಹಳಷ್ಟು ಕೇಸು ತೀರ್ಪಿನವರೆಗೆ ಹೋಗುವುದಿಲ್ಲ, ರಾಜಿಯಾಗುತ್ತವೆ ಎಂದು ಅಕ್ಕ ಹೇಳುತ್ತಿದ್ದಳು. ನೊಂದವರಿಗೆಲ್ಲ ಒಂದೊಂದು ಕೂಪನ್, ಕಾಗದದಲ್ಲಿ ಒಂದು ಸಾಲು: ಕಂಪನಿ ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ. ಆ ಸಾಲನ್ನು ಬಿಗಿಯಾಗಿ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲವಂತೆ.

"ತಪ್ಪಿಲ್ಲದಿದ್ದರೆ ಕೂಪನ್ ಯಾಕಕ್ಕ ಕೊಡಬೇಕು?" ಎಂದು ಒಮ್ಮೆ ಕೇಳಿದೆ.

"ಬಾಯಿ ಮುಚ್ಚಿಸೋಕೆ."

"ಯಾರ ಬಾಯಿ?"

ಅಕ್ಕ ಕನ್ನಡಕದ ಕಡ್ಡಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನೀನು ಏಳನೇ ಕ್ಲಾಸಿಗೆ ಬಿಡಬಾರದಿತ್ತು" ಎಂದಳು. ನಾನು ಎದ್ದು ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಯಾಕೆಂದರೆ ನಾನೂ ಕೂಪನ್ ಕೊಡುತ್ತಿದ್ದೆ. ಶಾಂತಕ್ಕ ನಮ್ಮ ಅಂಗಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ಅಕ್ಕ ಹೇಗಿದ್ದಾಳೆಂದು ಕೇಳುತ್ತಿರಲಿಲ್ಲ, ನಾನಿರುವ ಗಲ್ಲಾಕ್ಕೇ ಬಂದು ನಿಲ್ಲುತ್ತಿದ್ದರು. ನಾನು ಅವರ ಚೀಲಕ್ಕೆ ಒಂದು ಕಟ್ಟು ಕರಿಬೇವು ಸೇರಿಸಿ, ಅದರ ದುಡ್ಡು ನನ್ನ ಕೈಯಿಂದ ಹಾಕುತ್ತಿದ್ದೆ. ಎಳೆ ಬೆಂಡೆಕಾಯಿ ಬಂದರೆ ಅವರಿಗೆಂದು ಎತ್ತಿಡುತ್ತಿದ್ದೆ.

"ಇದ್ಯಾಕ ಹಾಕಿದಿ ತಂಗಿ? ನಾ ಕೇಳಿಲ್ಲಲ್ಲ."

"ಇರಲಿ ಶಾಂತಕ್ಕ, ಇವತ್ತೇ ಬಂದಿದೆ, ಫ್ರೆಶ್ ಇದೆ."

"ಪ್ರತಿ ಸಲಾನೂ ಇವತ್ತೇ ಬಂದಿರ್ತದ ಏನು?" ಎಂದು ನಗುವರು. ಅವರು ಹೋದ ಮೇಲೆ ನಾನು ಬೇಳೆಯ ಕಪಾಟಿಗೆ ಹೋಗಿ ಪೊಟ್ಟಣಗಳ ಜಾಗ ಬದಲಿಸುವೆ.

ಹೋದ ವಸಂತದಲ್ಲಿ ಅಕ್ಕ ನಿವೃತ್ತಳಾದಳು. ನ್ಯೂಯಾರ್ಕಿನ ಆಫೀಸಿನಲ್ಲಿ ಊಟವಿಟ್ಟು ಎಲ್ಲರೂ ಅವಳ ಬಗ್ಗೆ ಮಾತಾಡಿದರು. ನನಗೆ ಅರ್ಧ ಅರ್ಥವಾಯಿತು. ಅಕ್ಕ ಒಂದು ಕಡೆ ನಿಲ್ಲದೆ ಕೋಣೆಯ ತುಂಬ ಓಡಾಡುತ್ತ, ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು. ಆ ದಿನ ಆಫೀಸಿನಲ್ಲಿದ್ದ ಅವಳ ಸಾಮಾನು ತರಲೆಂದು ಕಾರಿನಲ್ಲಿ ಹೋಗಿದ್ದೆವು. ವಾಪಸು ಬರುವಾಗ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಅವಳೇ ಶುರುಮಾಡಿದಳು.

"ಆ ಕೇಕು ಎಷ್ಟು ಸಪ್ಪೆ ಇತ್ತಲ್ಲ. ಶಾಂತಾ ಇದ್ದಿದ್ದರೆ ಏನಾದರೂ ಅಂದಿರ್ತಿದ್ದಳು."

ಅಷ್ಟು ವರ್ಷಗಳಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಸೀಟ್ ಬೆಲ್ಟನ್ನು ಎಳೆದೆ, ಬಿಟ್ಟೆ, ಮತ್ತೆ ಎಳೆದೆ.

"ಏನು ಅದರ ಜೊತೆ ಆಟ?"

"ಅಕ್ಕ, ಅವತ್ತು ಹೇಳಿದ್ದು ನಾನು. ಶಾಂತಕ್ಕ ಅಲ್ಲ."

ಅವಳು ಮುಂದಿನ ರೆಸ್ಟ್ ಏರಿಯಾಕ್ಕೆ ತಿರುಗಿಸಿ ಕಾರು ನಿಲ್ಲಿಸಿದಳು. ಕನ್ನಡಕ ತೆಗೆದಳು.

"ಯಾರಿಗೆ ಹೇಳಿದೆ?"

"ಭಟ್ಟರಿಗೆ. ಸಂಕಲ್ಪದಲ್ಲಿ ಸೇರಿಸಿ ಅಂತ."

"ಗುಟ್ಟು ಅಂದ್ಯಾ?"

"ಇಲ್ಲ. ಅವರು ಪೂಜೆ ಮನೇಲಿ ಎಲ್ಲರ ಮುಂದೆ ಹೇಳಿದರು. ಶಾಂತಕ್ಕ ಒಳಗೆ ಒಲೆ ಮುಂದೆ ಇದ್ದರಂತೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಆ ವಾರವೇ."

"ನಾನು ಕೇಳೋದಕ್ಕೆ ಮುಂಚೆಯಾ, ಆಮೇಲಾ?"

"ಮುಂಚೆ."

ಕನ್ನಡಕದ ಕಡ್ಡಿ ಸ್ಟೀರಿಂಗಿನ ಮೇಲೆ ಬಡಿಯುತ್ತಿತ್ತು. "ನಿನಗೋಸ್ಕರ ದೇವರ ಹತ್ತಿರ..." ಎಂದು ನಾನು ಶುರುಮಾಡಿದೆ.

"ಅದು ಬೇಡ. ಅದು ನಾನು ಕ್ಲೈಂಟ್‌ಗಳಿಗೆ ಹೇಳಿಕೊಡ್ತಿದ್ದ ಮಾತು. ನಮ್ಮ ಉದ್ದೇಶ ಒಳ್ಳೇದಿತ್ತು, ಸ್ವಾಮಿ." ಅಕ್ಕ ಮಳೆಯಿಲ್ಲದಿದ್ದರೂ ವೈಪರ್ ಹಾಕಿದಳು. ಒಣ ಗಾಜಿನ ಮೇಲೆ ಅದು ಕಿರುಗುಟ್ಟುತ್ತ ಓಡಾಡಿತು. "ನಾನೂ ಎಂಥವಳು ನೋಡು. ಮೂರನೇ ದರ್ಜೆ ಸಾಕ್ಷಿಗಾದರೂ ಹತ್ತು ಪ್ರಶ್ನೆ ಕೇಳ್ತಿದ್ದೆ. ಅವಳನ್ನ ಎರಡು ಕೇಳಿ ಶಿಕ್ಷೆ ಕೊಟ್ಟೆ. ನಿನ್ನನ್ನ ಒಂದು ಕೇಳಿ ಬಿಟ್ಟೆ."

"ಬೈಯಿ ಅಕ್ಕ."

"ಆಮೇಲೆ ಬೈತೀನಿ, ನಿವೃತ್ತಿ ಆಗಿದೆ, ಟೈಮಿದೆ. ಇದು ಮೊದಲು ನನಗೆ ಹೇಳೋದಲ್ಲ."

ನಮ್ಮ ಮನೆಯ ತಿರುವು ಬಂತು, ಹೋಯಿತು. ಎಡಿಸನ್‌ನ ಆ ಬೀದಿಗೆ ದಾರಿ ಅವಳಿಗೆ ಮರೆತಿರಲಿಲ್ಲ. ಶಾಂತಕ್ಕನ ಮನೆಯ ಮುಂದೆ ಕಾರು ನಿಂತಾಗ ನಾನು ಸೀಟ್ ಬೆಲ್ಟ್ ಬಿಚ್ಚದೆ ಕೂತೆ. ಅಕ್ಕನೇ ಬಾಗಿಲು ತೆಗೆದು ತೋಳು ಹಿಡಿದು ಇಳಿಸಿದಳು. ಹಿಂದೆ ಕೇಳದೆ ಒಳಗೆ ನುಗ್ಗುತ್ತಿದ್ದವರು ಅವರು. ನಾವು ಗಂಟೆ ಒತ್ತಿ ಕಾದೆವು.

ಶಾಂತಕ್ಕ ಬಾಗಿಲು ತೆಗೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಲಟ್ಟಣಿಗೆ. ನನ್ನನ್ನು ನೋಡಿ "ಏನ ತಂಗಿ, ಕರಿಬೇವು ಮನೀಗೇ ತಂದೀ ಏನು?" ಎಂದು ನಗಲು ಹೊರಟವರು ಹಿಂದೆ ನಿಂತಿದ್ದ ಅಕ್ಕನನ್ನು ಕಂಡು ನಿಲ್ಲಿಸಿದರು.

ಅಕ್ಕನ ದನಿ ಕೋರ್ಟಿನದಾಗಿರಲಿಲ್ಲ. "ಶಾಂತಾ, ನಂದೂ ಒಂದು ತಪ್ಪಿದೆ, ಅದನ್ನ ಆಮೇಲೆ ಹೇಳ್ತೀನಿ. ಮೊದಲು ಇವಳು. ಇವತ್ತು ಇವಳ ಪರ ವಕೀಲರು ಯಾರೂ ಇಲ್ಲ."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ತಿರುಗಿ ನಿಲ್ಲಲು ಅಲ್ಲಿ ಒಲೆಯಿರಲಿಲ್ಲ.

"ಶಾಂತಕ್ಕ, ಅಕ್ಕನ ಕಾಯಿಲೆ ವಿಷಯ ಹೊರಗೆ ಬಿಟ್ಟದ್ದು ನಾನು, ನೀವಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನೀವು ಮಾತು ಕೇಳಿಸಿಕೊಂಡು ಹೋದಿರಿ, ನಾನು ಕರಿಬೇವು ಕೊಟ್ಟುಕೊಂಡು ಕೂತೆ. ತಪ್ಪು ನಂದು. ನನ್ನ ಕ್ಷಮಿಸಿ."